ಬಿಳುಪಿಗೆ ಬೇಕಾದ ನೆರಳು

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಹೊತ್ತು ತಡವಾಗಿ ಮೂಡಿ ಬೇಗ ಮುಳುಗುತ್ತದೆ. ಪೂರ್ವಕ್ಕೆ ಮೇಘಮಲೆಯ ಸಾಲು ಅಡ್ಡ, ಪಶ್ಚಿಮಕ್ಕೆ ಇಡುಕ್ಕಿಯ ಏಲಕ್ಕಿ ಬೆಟ್ಟಗಳು ಅಡ್ಡ. ನಡುವೆ ಸಿಗುವ ಹಗಲು ಮಾತ್ರ ಬಲು ಪ್ರಖರ. ಬಿಳಿ ಒಳಾಂಗಣದ ಹೊಸ ಮನೆ ಕಂಡರೆ ನಿಂತು ನೋಡುವ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರು ಬೆಟ್ಟದ ಸುರಂಗ ಹಾದು ಇತ್ತ ಹರಿಯಿತು. ಗದ್ದೆ ಹಬ್ಬಿತು, ಪನ್ನೀರ್ ದ್ರಾಕ್ಷಿಯ ಚಪ್ಪರ ಎದ್ದಿತು, ಬೋಡಿಯಲ್ಲಿ ಏಲಕ್ಕಿ ವ್ಯಾಪಾರ ಬೆಳೆಯಿತು. ಆ ದುಡಿಮೆಯ ಹಣ ಈಗ ಮನೆಗಳಾಗಿ ನಿಂತಿದೆ. ಕಂಬಂನ ಒಕ್ಕಲಿಗರ ಮನೆಗಳಲ್ಲಂತೂ ತಲೆಮಾರುಗಳಿಂದ ಕನ್ನಡವೇ ಆಡುಮಾತು. ಅಲ್ಲಿ ಗೋಡೆ, ಜಗಲಿಗಳ ಮಾತು ನಮ್ಮ ನುಡಿಯಲ್ಲೇ ಕಿವಿಗೆ ಬಿದ್ದಾಗ ಆಗುವ ಸಂತೋಷ ಬೇರೆ.

ಹೊರಗೆ ಈ ಮನೆಗಳಿಗೆ ನೂರು ಬಣ್ಣ. ಒಳಗೆ ಈಚೆಗೆ ಬಿಳಿ. ನಾನು ಮೊದಲು ನೋಡುವುದು ಗೋಡೆಯನ್ನಲ್ಲ, ಕಿಟಕಿಯ ಮೇಲಿನ ಸಜ್ಜೆಯನ್ನು. ಸಜ್ಜೆ ಗಿಡ್ಡವಾಗಿದ್ದರೆ ಮಧ್ಯಾಹ್ನದ ಬಿಸಿಲು ನೇರ ಒಳನುಗ್ಗುತ್ತದೆ. ಕೆಳಗೆ ಹೊಳೆಯುವ ಬಿಳಿ ಟೈಲ್ಸ್, ಪಕ್ಕದಲ್ಲಿ ಮಿನುಗುವ ಪೇಂಟ್, ಮೇಲೆ ಪಿಓಪಿ ಸೀಲಿಂಗ್‌ನ ತುಂಬ ನೀಲಿಛಾಯೆಯ ಎಲ್‌ಇಡಿ. ಕಣ್ಣಿಗೆ ತಂಗಲು ಜಾಗವೇ ಇಲ್ಲ. ಇಷ್ಟು ಖರ್ಚು ಮಾಡಿ ಕಟ್ಟಿದ ಕೋಣೆಯಲ್ಲಿ ಹಗಲಿಡೀ ಪರದೆ ಎಳೆದುಕೊಂಡು ಕೂರುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಪುದುಚೇರಿಯ ಗೋಲ್ಕೊಂಡೆಯನ್ನು ನೋಡಿ. ಅರವಿಂದಾಶ್ರಮದ ಈ ವಸತಿಗೃಹವನ್ನು 1930ರ ದಶಕದ ಕೊನೆಯಲ್ಲಿ ಕಟ್ಟಲಾರಂಭಿಸಿದರು. ವಿನ್ಯಾಸ ಆಂಟೊನಿನ್ ರೇಮಂಡ್‌ರದು, ಸ್ಥಳದಲ್ಲಿ ನಿಂತು ಕೆಲಸ ನೋಡಿಕೊಂಡವರಲ್ಲಿ ಜಾರ್ಜ್ ನಕಾಶಿಮಾ ಒಬ್ಬರು. ಕಪ್ಪೆಚಿಪ್ಪಿನ ಸುಣ್ಣದ ಗಾರೆ ಗೋಡೆಗೆ, ಕಪ್ಪು ಕಲ್ಲು ನೆಲಕ್ಕೆ, ತೇಗ ಬಾಗಿಲಿಗೆ. ಹೊರಮೈಯ ಉದ್ದಕ್ಕೂ ತೆರೆದು ಮುಚ್ಚಬಹುದಾದ ಅಡ್ಡಪಟ್ಟಿಗಳು. ಗಾಳಿ ಬರುತ್ತದೆ, ಬಿಸಿಲು ಬಾಗಿಲಲ್ಲೇ ಮೆತ್ತಗಾಗಿ ಒಳಬರುತ್ತದೆ. ಕಪ್ಪು ನೆಲದ ಮೇಲೆ ನಿಂತದ್ದರಿಂದಲೇ ಆ ಬಿಳುಪಿಗೆ ಅಷ್ಟು ಶಾಂತಿ.

ಮದುರೈ ಕ್ಲಬ್‌ನ ಕಟ್ಟಡವನ್ನು 1970ರ ದಶಕದಲ್ಲಿ ರೂಪಿಸಿದ ಶ್ರೀಲಂಕಾದ ಜೆಫ್ರಿ ಬಾವಾ ಕೊಲಂಬೊದ ತಮ್ಮ ಮನೆಯಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿದರು. ನಾಲ್ಕು ಪುಟ್ಟ ಮನೆಗಳನ್ನು ಒಂದೊಂದಾಗಿ ಕೊಂಡು ಬೆಸೆದ ಆ ಮನೆಯಲ್ಲಿ ನೆಲವೂ ಬಿಳಿ, ಗೋಡೆಯೂ ಬಿಳಿ. ಆದರೆ ಬೆಳಕೆಲ್ಲ ಸಣ್ಣಸಣ್ಣ ಅಂಗಳಗಳಿಂದ, ಮೇಲಿನಿಂದ, ಸೋಸಿ ಬರುವಂಥದು. ನಮ್ಮ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಅದು ಹೊಸದಲ್ಲ.

ಗೋಡೆಯ ವಿಷಯಕ್ಕೆ ಬಂದರೆ, ಈ ಸೀಮೆಗೆ ದೂರ ಹೋಗುವ ಅಗತ್ಯವೇ ಇಲ್ಲ. ಮದುರೈಯ ತಿರುಮಲೈ ನಾಯಕರ ಅರಮನೆ 1636ರದು. ಚೆಟ್ಟಿನಾಡಿನ ಮನೆಗಳು ಆಮೇಲಿನವು. ಎರಡು ಕಡೆಯೂ ಸುಣ್ಣದ ಗಾರೆಯದೇ ನಯ. ಒರಟು ಪದರ, ಅದರ ಮೇಲೆ ನುಣುಪು ಪದರ, ಕೊನೆಗೆ ಮೊಟ್ಟೆಯ ಬಿಳಿ ಬೆರೆಸಿದ ತೆಳು ಲೇಪ, ಅದನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ಮೆರುಗು. ಬೆಲ್ಲ, ಅಳಲೆಕಾಯಿಯ ನೀರನ್ನು ಸೇರಿಸುವುದೂ ಉಂಟು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಬೆಳಕು ಆ ಹರಳುಗಳೊಳಗೆ ತುಸು ಇಳಿದು ಹೊರಬರುವುದರಿಂದ ಗೋಡೆ ಹಾಲಿನ ಕೆನೆಯಂತೆ ಕಾಣುತ್ತದೆ. ಪುಟ್ಟಿ ಬಳಿದು ಪ್ಲಾಸ್ಟಿಕ್ ಎಮಲ್ಶನ್ ಹೊಡೆದ ಗೋಡೆಗೆ ಈ ಆಳ ಬರುವುದಿಲ್ಲ. ಮೇಲಾಗಿ ಸುಣ್ಣದ ಗೋಡೆ ತೇವವನ್ನು ಹೊರಬಿಡುತ್ತದೆ, ಬೂಸ್ಟು ಸುಲಭಕ್ಕೆ ಹಿಡಿಯಗೊಡುವುದಿಲ್ಲ. ಬೆಟ್ಟದ ಮಳೆಗೆ ಹತ್ತಿರವಿರುವ ಊರಿಗೆ ಇದು ಸಣ್ಣ ಮಾತಲ್ಲ.

ದಿಂಡಿಗಲ್‌ನ ಲೆಕ್ಕ ಬೇರೆ. ಊರಿನ ನಡುವೆ ಕೋಟೆ ಹೊತ್ತ ಬೋಳು ಬಂಡೆ. ಕಂಬಂನಂತೆ ಹತ್ತಿರದ ಬೆಟ್ಟವೊಂದು ಬೇಗ ಸೂರ್ಯನನ್ನು ಮರೆಮಾಡುವುದಿಲ್ಲ. ಪಡುವಣ ಗೋಡೆ ಸಂಜೆಯವರೆಗೂ ಕಾಯುತ್ತದೆ. ಅಲ್ಲಿ ಬಿಳಿ ಮನೆ ಕಟ್ಟುವವರಿಗೆ ನನ್ನ ಸಲಹೆ ಇಷ್ಟೇ: ಪಡಸಾಲೆಯನ್ನು ಉತ್ತರಕ್ಕೆ ತೆರೆಯಿರಿ, ಅಡುಗೆಯ ಉಗ್ರಾಣವನ್ನೂ ಮೆಟ್ಟಿಲನ್ನೂ ಪಶ್ಚಿಮಕ್ಕೆ ತಳ್ಳಿ, ತಾರಸಿಗೂ ಸುಣ್ಣ ಹೊಡೆಸಿ. ಪೇಂಟ್ ಅಂಗಡಿಗೆ ಹೋಗುವ ಮುನ್ನ ಸಜ್ಜೆ ಎಷ್ಟು ಮುಂದೆ ಚಾಚಬೇಕೆಂದು ಮೇಸ್ತ್ರಿಯ ಬಳಿ ಕೂತು ಗೆರೆ ಎಳೆಸಿ.