ಬಡನಡುವೂ ದರ್ಜಿಯ ಟೇಪೂ

ಕಾವ್ಯದ ವರ್ಣನೆಗಳಲ್ಲಿ ಶರೀರವಿಜ್ಞಾನದ ಸತ್ಯವನ್ನು ಅರಸುವ ಪ್ರಯತ್ನ ಹೊಸದಲ್ಲ. ಆದರೆ 2007ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಜೀವವಿಜ್ಞಾನ ಪತ್ರಿಕೆಯಲ್ಲಿ ದೇವೇಂದ್ರ ಸಿಂಗರೂ ಅವರ ಇಬ್ಬರು ಸಹಲೇಖಕರೂ ಪ್ರಕಟಿಸಿದ ಪ್ರಬಂಧವು ನಮ್ಮ ಮಹಾಕಾವ್ಯಗಳನ್ನೂ ಈ ಪರೀಕ್ಷೆಗೆ ಎಳೆದುತಂದಿರುವುದರಿಂದ, ಕಾವ್ಯವಿಮರ್ಶೆಯಲ್ಲಿ ಆಸಕ್ತಿಯುಳ್ಳವರು ಅದನ್ನು ಉಪೇಕ್ಷಿಸುವಂತಿಲ್ಲ. ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗಿನ ಇಂಗ್ಲಿಷ್ ಸಾಹಿತ್ಯ, ಪ್ರಾಚೀನ ಭಾರತದ ಮಹಾಕಾವ್ಯಗಳು, ಚೀನದ ಅರಮನೆಯ ಕವಿತೆಗಳು, ಈ ಮೂರರಲ್ಲಿಯೂ ಸ್ತ್ರೀಯ ಸಣ್ಣ ನಡು ಪ್ರಶಂಸೆಗೆ ಪಾತ್ರವಾಗಿದೆಯೆಂದು ಲೇಖಕರು ಪದಗಳನ್ನು ಹುಡುಕಿ ಎಣಿಸಿ ತೋರಿಸುತ್ತಾರೆ. ಸಣ್ಣ ನಡು ಆರೋಗ್ಯದ ಲಕ್ಷಣ. ಆದುದರಿಂದ ದೇಶಕಾಲಗಳ ಭೇದವಿಲ್ಲದೆ ಕವಿಗಳು ಹೊಗಳಿದ್ದು ಆರೋಗ್ಯವನ್ನೇ ಎಂಬುದು ಅವರ ಸಿದ್ಧಾಂತ. ನಮ್ಮ ಪೂರ್ವಿಕರು ಎಲ್ಲವನ್ನೂ ಅರಿತಿದ್ದರೆಂದು ಹಿಗ್ಗುವವರಿಗಂತೂ ಇದು ಹಬ್ಬವೇ ಸರಿ.

ಈ ವಾದದ ಪೂರ್ವಾರ್ಧಕ್ಕೆ ಗಟ್ಟಿಯಾದ ಆಧಾರವಿದೆಯೆಂಬುದನ್ನು ಮೊದಲೇ ಒಪ್ಪಬೇಕು. ಕೊಬ್ಬು ಎಷ್ಟಿದೆ ಎನ್ನುವುದರಷ್ಟೇ, ಅದು ದೇಹದ ಯಾವ ಭಾಗದಲ್ಲಿ ನೆಲಸಿದೆ ಎನ್ನುವುದೂ ಮುಖ್ಯವೆಂದು ಫ್ರಾನ್ಸಿನ ವೈದ್ಯ ಜಾಂ ವಾಗ್ 1947ರಲ್ಲಿಯೇ ಸೂಚಿಸಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ 54 ವರ್ಷ ವಯಸ್ಸಿನ 792 ಮಂದಿ ಗಂಡಸರನ್ನು 13 ವರ್ಷಗಳ ಕಾಲ ಗಮನಿಸಿದ ವೈದ್ಯರು, ನಡುವಿನ ಸುತ್ತಳತೆಯನ್ನು ನಿತಂಬದ ಸುತ್ತಳತೆಯಿಂದ ಭಾಗಿಸಿದಾಗ ಬರುವ ಪ್ರಮಾಣಕ್ಕೂ ಹೃದ್ರೋಗಕ್ಕೂ ಸಂಬಂಧವಿರುವುದನ್ನು 1984ರಲ್ಲಿ ಪ್ರಕಟಿಸಿದರು. ಅನಂತರ 52 ದೇಶಗಳ ಸುಮಾರು 27,000 ಜನರನ್ನು ಒಳಗೊಂಡ ಅಧ್ಯಯನವೊಂದು 2005ರಲ್ಲಿ ಹೊರಬಂದು, ಹೃದಯಾಘಾತದ ಮುನ್ಸೂಚನೆಗೆ ಎತ್ತರ-ತೂಕಗಳ ಲೆಕ್ಕಕ್ಕಿಂತ ಈ ಪ್ರಮಾಣವೇ ಮೇಲೆಂದು ಸಾರಿತು. ಅದರ ಮುಂದಾಳುಗಳಾಗಿದ್ದ ಡಾ. ಸಲೀಂ ಯೂಸುಫ್ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರೆಂಬುದು ನಮಗೆ ಸಂತೋಷದ ಸಂಗತಿ. ಗಂಡಸರಲ್ಲಿ 0.90, ಹೆಂಗಸರಲ್ಲಿ 0.85, ಇವುಗಳನ್ನು ಮುಟ್ಟಿದರೆ ಎಚ್ಚರವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಮತ. ಹೊಟ್ಟೆಯೊಳಗೆ ಕರುಳುಗಳ ಸುತ್ತ ಸೇರಿದ ಕೊಬ್ಬು ಯಕೃತ್ತಿನ ಕಾರ್ಯವನ್ನು ಕೆಡಿಸಿ ಮಧುಮೇಹಾದಿಗಳಿಗೆ ದಾರಿಮಾಡುತ್ತದೆ. ತೊಡೆ ನಿತಂಬಗಳ ಕೊಬ್ಬಾದರೋ ಬಹುಮಟ್ಟಿಗೆ ನಿರುಪದ್ರವಿ.

ಹಾಗೆಂದು ಈ ಪ್ರಮಾಣವು ಮೈಯಲ್ಲಿನ ಕೊಬ್ಬಿನ ಮೊತ್ತವನ್ನು ಹೇಳುವುದೆಂದು ಭಾವಿಸುವುದು ತಪ್ಪು. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವ ನನ್ನಂಥವನಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಅಂಶವೂ ಛೇದವೂ ಒಟ್ಟಿಗೆ ಬೆಳೆದರೆ ಪ್ರಮಾಣ ಕದಲುವುದಿಲ್ಲ. ವ್ಯಾಪಾರ ಮಾತ್ರ ಬೇರೆಯೇ ಆಗಿರುತ್ತದೆ. ನಡು 80, ನಿತಂಬ 100 ಸೆಂಟಿಮೀಟರ್ ಇರುವವಳ ಪ್ರಮಾಣ 0.80, ನಡು 96, ನಿತಂಬ 120 ಇರುವವಳದೂ ಅದೇ 0.80. ಮುಪ್ಪಿನಲ್ಲಿ ನಿತಂಬದ ಮಾಂಸಖಂಡಗಳು ಕರಗಿದಾಗ, ಹೊಟ್ಟೆ ಕಿಂಚಿತ್ತೂ ಬೆಳೆಯದೆ ಪ್ರಮಾಣ ಏರಬಹುದು. ಸಾವಿರಾರು ಜನರ ನಡುವೆ ಅಪಾಯವನ್ನು ಅಂದಾಜುಮಾಡಲು ಹೊರಟ ಸಾಧನವಿದು. ಒಬ್ಬೊಬ್ಬರ ಶರೀರದ ಕುರಿತು ತೀರ್ಪು ಕೊಡಲು ಇದೊಂದೇ ಸಾಲದು.

ಸೌಂದರ್ಯದ ವಿಷಯಕ್ಕೆ ಬಂದರೆ ಆಧಾರ ಇನ್ನೂ ತೆಳುವಾಗುತ್ತದೆ. ಸಿಂಗರೇ 1993ರಲ್ಲಿ, ಅಮೆರಿಕದ ಸೌಂದರ್ಯಸ್ಪರ್ಧೆಗಳಲ್ಲಿ ಗೆದ್ದವರ ಮತ್ತು ಪತ್ರಿಕೆಯೊಂದರ ರೂಪದರ್ಶಿಗಳ ಅಳತೆಗಳಿಂದ 0.7 ಎಂಬ ಅಂಕಿಯನ್ನು ಪ್ರಸಿದ್ಧಿಗೆ ತಂದಿದ್ದರು. 2002ರಲ್ಲಿ ಇಬ್ಬರು ವಿದ್ವಾಂಸರು ಅಂಥವೇ ಅಳತೆಗಳನ್ನು ಮರಳಿ ಪರಿಶೀಲಿಸಿ, ಅವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿವೆ, ಕಾಲಕ್ಕೆ ತಕ್ಕಂತೆ ಬದಲಾಗಿಯೂ ಇವೆ ಎಂದು ತೋರಿಸಿದರು. ಪೆರು ದೇಶದ ಅರಣ್ಯದಲ್ಲಿ ಹೊರಜಗತ್ತಿನ ಸಂಪರ್ಕ ತೀರ ವಿರಳವಾಗಿದ್ದ ಮಾತ್ಸಿಗೆಂಕಾ ಗಂಡಸರಿಗೆ ಸಣ್ಣ ನಡುವಿನ ಚಿತ್ರಗಳು ರುಚಿಸಲಿಲ್ಲವೆಂದು 1998ರ ಒಂದು ವರದಿ ಹೇಳುತ್ತದೆ.

ಇನ್ನು ಕಾವ್ಯ. ಇಲ್ಲಿಯೇ ನನ್ನ ಮುಖ್ಯ ಆಕ್ಷೇಪ. ತನುಮಧ್ಯೆ, ಕೃಶೋದರಿ, ಸುಮಧ್ಯಮೆ, ಹಳಗನ್ನಡದ ಬಡನಡು, ಇವು ಕಣ್ಣಿಂದ ಕಂಡು ಬರೆದ ಅಳತೆಗಳಲ್ಲ. ಶಿಷ್ಯನು ಗುರುವಿನಿಂದ, ಕವಿ ಪೂರ್ವಕವಿಯಿಂದ ಪಡೆದ ಪರಂಪರೆಯ ನಾಣ್ಯಗಳು. ಅಮರಕೋಶದಲ್ಲಿ ನಿತಂಬಿನಿ ಎಂಬ ಪದವು ಕಾಮಿನಿ, ಪ್ರಮದೆ, ಲಲನೆ ಮುಂತಾದವುಗಳ ಸಾಲಿನಲ್ಲಿ ನಿಂತಿದೆ. ಅಂದರೆ ವಿಶೇಷಣವು ಸವೆದು ಸವೆದು ಹೆಸರೇ ಆಗಿಹೋಗಿದೆ. ಪಾದಕ್ಕೆ ಆರು ಅಕ್ಷರಗಳಿರುವ ಒಂದು ವೃತ್ತಕ್ಕೂ ತನುಮಧ್ಯಾ ಎಂದೇ ಹೆಸರು! ಪದಗಳನ್ನು ಎಣಿಸುವವನು ಇವೆಲ್ಲವನ್ನೂ ಆರೋಗ್ಯದ ಸಾಕ್ಷ್ಯವೆಂದು ಜಮಾ ಮಾಡಿಕೊಳ್ಳುವನೇ? ನಡುವುಂಟೋ ಇಲ್ಲವೋ ಎಂದು ಸಂದೇಹಪಡುವಷ್ಟು ನಮ್ಮ ಕವಿಗಳು ಮುಂದುವರಿದಿದ್ದಾರೆ. ಅದನ್ನು ಟೇಪಿನಿಂದ ಅಳೆದರೆ ಪ್ರಮಾಣ ಸೊನ್ನೆಗೆ ಇಳಿಯಬೇಕು; ಅಂಥವಳು ಬದುಕಿರುವುದೇ ಅಶಕ್ಯ. ಅತಿಶಯೋಕ್ತಿಯನ್ನು ಅಂಕಿಯಾಗಿ ಓದಿದುದರ ಫಲವಿದು. ಮೇಲಾಗಿ ಸಿಂಹಕಟಿಯೆಂಬ ಹೊಗಳಿಕೆ ವೀರಪುರುಷರಿಗೂ ಸಲ್ಲುತ್ತದೆ. ಅಲ್ಲಿ ಸಂತಾನಶಕ್ತಿಯ ವಾದವನ್ನು ಹೇಗೆ ಅನ್ವಯಿಸುವುದು?

ಎಣಿಕೆಯಿಂದ ಹೊರಗುಳಿದವುಗಳನ್ನೂ ನೋಡಬೇಕಷ್ಟೆ. ಆಯ್ದ ಗ್ರಂಥಗಳು ಬಹುತೇಕ ಗಂಡಸರು ಬರೆದವು, ಆಯ್ದ ಶರೀರಗಳು ಹೆಂಗಸರವು. ಅಕ್ಕಮಹಾದೇವಿಯ ವಚನಗಳನ್ನು ಸೇರಿಸಿದ್ದರೆ, ದೇಹವು ವರ್ಣನೆಯ ವಸ್ತುವಾಗಿ ಅಲ್ಲ, ವೈರಾಗ್ಯದ ವಿಷಯವಾಗಿ ಎದುರಾಗುತ್ತಿತ್ತು. ಗಂಡಿನ ಹೊಟ್ಟೆಯನ್ನು ಸೇರಿಸಿದ್ದರೆ ಫಲಿತಾಂಶ ಬುಡಮೇಲಾಗುತ್ತಿತ್ತು. ಲಂಬೋದರನನ್ನು ಪೂಜಿಸುತ್ತೇವೆ, ಐಶ್ವರ್ಯಕ್ಕೆ ಒಡೆಯನಾದ ಕುಬೇರನನ್ನು ಶಿಲ್ಪಿಗಳು ಡೊಳ್ಳುಹೊಟ್ಟೆಯವನನ್ನಾಗಿಯೇ ಕಡೆದಿದ್ದಾರೆ. ಸಾಹಿತ್ಯ, ಶಿಲ್ಪಗಳು ಆರೋಗ್ಯವನ್ನು ಸಹಜವಾಗಿ ಗುರುತಿಸುತ್ತವೆಂಬುದು ನಿಜವಾದರೆ, ಹೃದ್ರೋಗಕ್ಕೆ ಹೆಚ್ಚು ಈಡಾಗುವ ಈ ಉದರಕ್ಕೆ ಇಷ್ಟು ಮನ್ನಣೆ ಏಕೆ? ಪುಣೆಯ ಡಾ. ಯಾಜ್ಞಿಕರು ಆಂಗ್ಲ ಸಹೋದ್ಯೋಗಿಯೊಬ್ಬರೊಡನೆ 2004ರಲ್ಲಿ ತಮ್ಮ ಮೈಯನ್ನೇ ಉದಾಹರಣೆಯಾಗಿ ಕೊಟ್ಟರು. ಇಬ್ಬರಿಗೂ ಎತ್ತರ-ತೂಕದ ಸೂಚ್ಯಂಕ 22.3, ಆಂಗ್ಲರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ನೋಟಕ್ಕೆ ತೆಳ್ಳಗಿರುವ ಭಾರತೀಯನ ಒಳಗೆ ಏನಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ. ಕವಿಯ ಕಣ್ಣಿಗಂತೂ ಅಲ್ಲ. ದರ್ಜಿಯ ಟೇಪು ಅಗತ್ಯವಾಗಿರುವುದು ದಿನವಿಡೀ ಮೇಜಿನ ಹಿಂದೆ ಕುಳಿತ ನಮ್ಮ ಸೊಂಟಕ್ಕೆ, ಕಾವ್ಯನಾಯಿಕೆಯ ಸೊಂಟಕ್ಕಲ್ಲ.