ಗುದ್ದಲಿಯ ಶೋಧ, ಕಣ್ಣಿನ ಶೋಧ

ಡೈನೋಸಾರ್ ಎಂಬ ಹೆಸರೇ ಇನ್ನೂ ಹುಟ್ಟಿರದ ಕಾಲದಲ್ಲಿ, ಎಂದರೆ ರಿಚರ್ಡ್ ಓವೆನ್ನನು ಇಂಗ್ಲೆಂಡಿನಲ್ಲಿ ಗ್ರೀಕ್ ಧಾತುಗಳಿಂದ ಆ ಪದವನ್ನು ಟಂಕಿಸುವುದಕ್ಕೆ 14 ವರ್ಷಗಳ ಮುಂಚೆ, 1828ರಲ್ಲಿ, ಜಬಲ್ಪುರದ ಬಡಾ ಸಿಮ್ಲಾ ಗುಡ್ಡದ ಬಳಿ ಶಿಲೀಭೂತವಾದ ಕೆಲವು ಎಲುಬುಗಳು ಕ್ಯಾಪ್ಟನ್ ವಿಲಿಯಂ ಸ್ಲೀಮನ್ನನ ಕೈಗೆ ಬಂದುವು. ಮುಂದೆ ಥಗ್ಗರನ್ನು ಅಡಗಿಸಿದವನೆಂದು ಹೆಸರಾದ ಸ್ಲೀಮನ್ನನೇ ಈತನು. ಆ ಎಲುಬುಗಳು ಸ್ಪಿಲ್ಸ್‌ಬರಿ ಎಂಬ ವೈದ್ಯನ ಮೂಲಕ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್ಪನನ್ನು ಸೇರಿದುವು. ಅಶೋಕನ ಬ್ರಾಹ್ಮೀ ಲಿಪಿಯನ್ನು ಲೋಕಕ್ಕೆ ಓದಿಕೊಟ್ಟ ಮಹಾನುಭಾವನ ಬಳಿಗೇ ಈ ಇನ್ನೊಂದು ಅಜ್ಞಾತ ಲಿಪಿಯೂ ಹೋದುದು ನನಗೆ ಎಂದಿಗೂ ಹಳಸದ ವಿಸ್ಮಯ. ಈ ಲಿಪಿಯನ್ನು ಮಾತ್ರ ಅಂದು ಓದಬಲ್ಲವರಿರಲಿಲ್ಲ. ದಶಕಗಳು ಕಳೆದ ಮೇಲೆ, 1877ರಲ್ಲಿ, ರಿಚರ್ಡ್ ಲಿಡೆಕ್ಕರನು ಅವನ್ನು ಪರಿಶೀಲಿಸಿ ಟೈಟಾನೊಸಾರಸ್ ಇಂಡಿಕಸ್ ಎಂದು ನಾಮಕರಣ ಮಾಡಿದನು.

ಬಾಲದ ಕಶೇರುಮಣಿಯ ಮುಂಭಾಗ ಬಟ್ಟಲಿನಂತೆ ತಗ್ಗಾಗಿಯೂ ಹಿಂಭಾಗ ಚೆಂಡಿನಂತೆ ಉಬ್ಬಿಯೂ ಇರುವುದು ಆ ಹೆಸರಿಗೆ ಆಧಾರವಾದ ಲಕ್ಷಣಗಳಲ್ಲಿ ಮುಖ್ಯವಾದುದು. ಕಾಲಾನಂತರ ದಕ್ಷಿಣ ಅಮೆರಿಕ, ಮಡಗಾಸ್ಕರ್ ಮೊದಲಾದ ಕಡೆಗಳಲ್ಲಿ ಇದೇ ಬಗೆಯ ಬಾಲವುಳ್ಳ ದೀರ್ಘಕಂಠದ ಪ್ರಾಣಿಗಳು ಒಂದರ ಹಿಂದೊಂದು ದೊರೆಯಲು, ಕುಲಕ್ಕೆಲ್ಲ ಸಾಧಾರಣವಾದ ಗುರುತಿನಿಂದ ಒಂದು ಪ್ರಭೇದವನ್ನು ಬೇರ್ಪಡಿಸಲಾಗದೆಂದು 2003ರಲ್ಲಿ ವಿದ್ವಾಂಸರು ನಿರ್ಣಯಿಸಿದರು. ಮೂಲದ ಹೆಸರು ಸಂದಿಗ್ಧವಾಯಿತು, ಅದರಿಂದ ಹುಟ್ಟಿದ ಟೈಟಾನೊಸಾರ್ ಎಂಬ ಕುಲನಾಮವು ಜಗತ್ತಿನಲ್ಲೆಲ್ಲ ಬಳಕೆಯಲ್ಲಿ ಉಳಿಯಿತು. ಇಷ್ಟರಲ್ಲಿ ಸ್ಲೀಮನ್ನನ ಸಂಗ್ರಹದ ಎಲುಬುಗಳೇ ಕಾಣೆಯಾಗಿದ್ದುವು. ಕಳೆದೇ ಹೋದುವೆಂದು ಬಗೆದಿದ್ದುದು 2012ರಲ್ಲಿ ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ಸಂಗ್ರಹದಲ್ಲಿಯೇ ಮರಳಿ ಸಿಕ್ಕಿತೆಂದು ಓದಿದ ದಿನ, ನೆಂಟರ ಮನೆಯ ಮಗು ಸಿಕ್ಕಿತೆಂಬಷ್ಟು ಹಿಗ್ಗು ನನಗಾಯಿತು.

ಆ ಹುಡುಕಾಟದಲ್ಲಿ ಪಾಲುಗೊಂಡವರಲ್ಲಿ ಒಬ್ಬರು ಧನಂಜಯ ಮೊಹಬೆ. ಇವರ ಹೆಸರು ಇದಕ್ಕಿಂತಲೂ ಸೋಜಿಗದ ಮತ್ತೊಂದು ಶೋಧಕ್ಕೆ ಹೆಣೆದುಕೊಂಡಿದೆ. ಆ ಶೋಧಕ್ಕೆ ಸಮನಾದುದು ನಮ್ಮ ದೇಶದ ಪುರಾಜೀವ ಚರಿತ್ರೆಯಲ್ಲಿ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಬಿಜಾಪುರ ಬೀದರುಗಳ ಎರೆನೆಲಕ್ಕೆ ಆ ಕಪ್ಪುಬಣ್ಣವನ್ನಿತ್ತ ದಖ್ಖನಿನ ಲಾವಾಪ್ರವಾಹವು ಉತ್ತರದಲ್ಲಿ ನರ್ಮದೆಯ ಕಣಿವೆಯವರೆಗೂ ಹರಡಿದೆಯಷ್ಟೆ; ಅಲ್ಲಿ ಆ ಶಿಲೆಯ ಅಡಿಯಲ್ಲಿರುವ ಲಾಮೆಟಾ ಎಂಬ ಸ್ತರಗಳಲ್ಲಿ ಡೈನೋಸಾರುಗಳ ಮೊಟ್ಟೆಗಳು ಹೇರಳವಾಗಿ ದೊರೆಯುತ್ತವೆ. ಗುಜರಾತಿನ ಢೋಲಿ ಡುಂಗರಿ ಎಂಬ ಹಳ್ಳಿಯ ಬಳಿ 1984ರಲ್ಲಿ ಮೊಹಬೆ ಅವರಿಗೆ ಅಂಥದೊಂದು ಗೂಡು ಸಿಕ್ಕಿತು. ಮೊಟ್ಟೆಗಳೊಡನೆ ಸಣ್ಣ ಸಣ್ಣ ಎಲುಬುಗಳೂ ಕಲ್ಲಿನಲ್ಲಿ ಹುದುಗಿದ್ದುದರಿಂದ, ಅವೆಲ್ಲವೂ ಆಗತಾನೆ ಹೊರಬಂದ ಡೈನೋಸಾರ್ ಮರಿಯವೆಂದು ಅವರು 1987ರಲ್ಲಿ ಪ್ರಕಟಿಸಿದರು. ಮೊಟ್ಟೆಯ ಮಗ್ಗುಲಲ್ಲಿ ಮರಿಯನ್ನು ಕಾಣುವುದಕ್ಕಿಂತ ಸಹಜವಾದುದು ಯಾವುದಿದ್ದೀತು?

ಹದಿನಾಲ್ಕು ವರ್ಷಗಳ ಅನಂತರ, 2001ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್ ಆ ಕಲ್ಲನ್ನು ನೋಡುತ್ತಿದ್ದವರು ಒಂದೆಡೆ ದೃಷ್ಟಿ ನಿಲ್ಲಿಸಿದರು. ಬಡಗಿಯು ಗೂಟವನ್ನು ಕುಳಿಗೆ ಕೂಡಿಸುವಂತೆ, ಹಾವಿನ ಬೆನ್ನಿನ ಒಂದು ಮಣಿಯ ಚಾಚು ಮತ್ತೊಂದರ ಗುಳಿಯಲ್ಲಿ ಕೂರುವ ಹೆಚ್ಚಿನ ಕೀಲೊಂದುಂಟು. ಡೈನೋಸಾರ್ ಮರಿಗೆ ಸಲ್ಲದ ಆ ಕೀಲು ಕಲ್ಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದಿತು. ಕಲ್ಲನ್ನು ಮಿಷಿಗನ್ನಿಗೆ ಒಯ್ದು, ಎಲುಬಿಗೆ ಅಂಟಿದ ಶಿಲೆಯನ್ನು ಕಣಕಣವಾಗಿ ಬಿಡಿಸಲು, ಒಡೆದ ಮೊಟ್ಟೆಯೊಂದನ್ನು ಸುತ್ತಿಕೊಂಡ, ಮೂರೂವರೆ ಮೀಟರ್ ಉದ್ದವಿದ್ದಿರಬಹುದಾದ ಸರ್ಪವೊಂದು ಹೊರಬಿದ್ದಿತು. ಅದರ ಪಕ್ಕದಲ್ಲಿ ಅರ್ಧ ಮೀಟರಿನಷ್ಟು ಉದ್ದದ ಟೈಟಾನೊಸಾರ್ ಮರಿ. 2010ರಲ್ಲಿ ಮೊಹಬೆ ಅವರೂ ವಿಲ್ಸನ್ನರೂ ಸಂಗಡಿಗರೊಡನೆ ಆ ಸರ್ಪಕ್ಕೆ ಸನಾಜೆ ಇಂಡಿಕಸ್ ಎಂದು ಹೆಸರಿಟ್ಟರು. ಸನಾಜೆ ಎಂದರೆ ಪುರಾತನವಾದ ಆಕಳಿಕೆ ಎಂದು ಸಂಸ್ಕೃತದಿಂದ ಕಟ್ಟಿದ ಅರ್ಥ. ಇಂದಿನ ಹೆಬ್ಬಾವಿನಂತೆ ದವಡೆಯನ್ನು ಬಹುವಾಗಿ ಅಗಲಿಸಲು ಆ ಹಾವಿಗೆ ಶಕ್ತಿಯಿರಲಿಲ್ಲ. ಇಡಿಯ ಮೊಟ್ಟೆಯನ್ನು ನುಂಗಲಾರದುದರಿಂದ, ಎಳೆಯ ಮರಿ ಹೊರಬರುವುದನ್ನೇ ಅದು ಕಾಯುತ್ತಿದ್ದಿರಬೇಕು.

ತಮ್ಮ ಹಿಂದಿನ ನಿರ್ಣಯವನ್ನು ತಿದ್ದುವ ಪ್ರಬಂಧಕ್ಕೆ ತಾವೇ ಸಹಕರ್ತೃಗಳಾದ ಮೊಹಬೆ ಅವರ ವಿದ್ವತ್ತಿನ ಸತ್ತ್ವವನ್ನು ನಾನು ಬಹಳವಾಗಿ ಗೌರವಿಸುತ್ತೇನೆ. ಅವರು 1987ರಲ್ಲಿ ಹೇಳಿದ ಮರಿ ಇಂದಿಗೂ ಮರಿಯಾಗಿಯೇ ಉಳಿದಿದೆ. ಅದರ ಮೃತ್ಯು ಮಾತ್ರ ಅದೇ ಕಲ್ಲಿನಲ್ಲಿ ಅದಕ್ಕೆ ಅಂಟಿಕೊಂಡಂತೆಯೇ ಇದ್ದು ಅಷ್ಟು ಕಾಲ ಅಜ್ಞಾತವಾಗಿದ್ದಿತು. ಬೇಟೆ ಪೂರ್ಣವಾಗುವುದಕ್ಕೆ ಮುಂಚೆಯೇ, ಪ್ರಾಯಶಃ ಬಿರುಮಳೆಗೆ ಕುಸಿದ ಮಣ್ಣು ಹಾವನ್ನೂ ಮರಿಯನ್ನೂ ಒಮ್ಮೆಗೇ ಮುಚ್ಚಿಬಿಟ್ಟಿತು. ಗೂಡಿನ ಉಳಿದೆರಡು ಮೊಟ್ಟೆಗಳು ಒಡೆಯದೆ ಹಾಗೆಯೇ ಉಳಿದುವು.