ಹೇರುಕುದುರೆಗೆ ಕಾವ್ಯದಲ್ಲಿ ಜಾಗ ಎಲ್ಲಿ?

ನಮ್ಮಪ್ಪ ಮಂಗಳೂರಿನ ಬಂದರ್ ದಕ್ಕೆಯಲ್ಲಿ ಮಂಜಿಗಳಿಗೆ ಮೂಟೆ ಹೊತ್ತವನು. ಅವನ ಬಗ್ಗೆ ನಾನು ಬರೆದ ಪದ್ಯದಲ್ಲಿ 'ಗೋಣಿ' ಅನ್ನುವ ಮಾತಿತ್ತು. ಓದಿದ ಹಿರಿಯರೊಬ್ಬರು, "ಗೋಣಿ ತೆಗೆ ಮಾರಾಯಾ, ಶೈಲಿ ಕೆಡ್ತದೆ. ವರ್ಜಿಲನನ್ನು ಓದು" ಅಂದರು. ಇಂಗ್ಲಿಷ್ ಅನುವಾದ, ಲ್ಯಾಟಿನ್ ನಿಘಂಟು ಎರಡನ್ನೂ ಪಕ್ಕಕ್ಕಿಟ್ಟುಕೊಂಡು ಓದಿದೆ.

ಲ್ಯಾಟಿನ್ ಕವಿಗಳ ಕಸುಬು ಸಣ್ಣದಲ್ಲ. ಅವರ ಛಂದಸ್ಸೂ ಗುರು-ಲಘುಗಳ ಲೆಕ್ಕವೇ. ಹೆಕ್ಸಾಮೀಟರ್ ಅಂದರೆ ಆರು ಗಣಗಳ ಸಾಲು. ಗಣವೊಂದು ನಮ್ಮ ಭಗಣದಂತೆ ಗುರು, ಲಘು, ಲಘು. ಇಲ್ಲವೇ ಎರಡು ಗುರು. ಇದು ಅವರ ನೆಲದ್ದಲ್ಲ. ನಾಡಿನ ಹಳೆಯ ಸ್ಯಾಟರ್ನಿಯನ್ ಮಟ್ಟನ್ನು ಬದಿಗೆ ತಳ್ಳಿ ಎನ್ನಿಯಸ್ ಕ್ರಿ.ಪೂ. 2ನೆಯ ಶತಮಾನದಲ್ಲಿ ಗ್ರೀಕರಿಂದ ತಂದದ್ದು. ಸಂಸ್ಕೃತ ವೃತ್ತಗಳನ್ನು ತಂದ ನಮ್ಮವರ ನೆನಪಾಗುತ್ತದೆ. ವಿಭಕ್ತಿ ಪ್ರತ್ಯಯಗಳು ಗಟ್ಟಿಯಾಗಿರುವುದರಿಂದ ವಿಶೇಷಣವನ್ನು ಸಾಲಿನ ತಲೆಯಲ್ಲೂ ನಾಮಪದವನ್ನು ಬಾಲದಲ್ಲೂ ಇಡಬಹುದು. ಅರ್ಥ ಕೊನೆಯವರೆಗೆ ತೂಗುತ್ತಿರುತ್ತದೆ. ಇದನ್ನು ನಾವೂ ಕಲಿಯಬೇಕು.

ಆದರೆ ಮಾತಿನ ಆಯ್ಕೆ ನೋಡಿ. ಕುದುರೆಗೆ ಲ್ಯಾಟಿನ್ನಿನಲ್ಲಿ ಎರಡು ಹೆಸರು. 'ಎಕ್ವುಸ್' ಕಾವ್ಯದ ಕುದುರೆ, ರಥದ ಕುದುರೆ. 'ಕಬಲ್ಲುಸ್' ಹೇರು ಹೊರುವ ಬಡಕಲು ಕುದುರೆ. ವರ್ಜಿಲ್ ಕ್ರಿ.ಪೂ. 29ರಲ್ಲಿ ಮುಗಿಸಿದ 'ಜಾರ್ಜಿಕ್ಸ್' ಬೇಸಾಯದ ಕಾವ್ಯ. ಅದರ ಮೂರನೆಯ ಭಾಗದ ತುಂಬ ದನ, ಕುದುರೆ, ಕುರಿ. ಕಬಲ್ಲುಸ್ಸಿಗೆ ಮಾತ್ರ ಪ್ರವೇಶವಿಲ್ಲ. ಇಟಲಿಯ ದೊಡ್ಡ ಜಮೀನುಗಳಲ್ಲಿ ದುಡಿದ ಗುಲಾಮರ ಸುಳಿವೂ ಇಲ್ಲವೆನ್ನುವಷ್ಟು ಕಡಿಮೆ. ಮಾತು ಹೊರಗಾದರೆ ಮನುಷ್ಯನೂ ಹೊರಗೆ, ನಮ್ಮ ಕೇರಿ ಊರಾಚೆ ಇದ್ದ ಹಾಗೆ.

ಹೊರೇಸ್ ಗುಲಾಮಗಿರಿಯಿಂದ ಬಿಡುಗಡೆಯಾದವನ ಮಗ. ಅಪ್ಪನ ವಿಷಯ ಮುಚ್ಚಿಡದೆ ಹೇಳುವ ವಿಡಂಬನೆಯಲ್ಲಿ ಅವನು ಕಬಲ್ಲುಸ್ ಅಂತಲೇ ಬರೆಯುತ್ತಾನೆ. ಓದಿದಾಗ ನಮ್ಮವನೊಬ್ಬ ಸಿಕ್ಕಿದ ಅನ್ನಿಸಿತು. ಆದರೆ ಪ್ರಗಾಥ ಬರೆಯಲು ಕೂತರೆ ಅವನೂ ಎಕ್ವುಸ್ಸಿಗೇ ಮರಳುತ್ತಾನೆ. ವಿಡಂಬನೆಗೊಂದು ಪಂಕ್ತಿ, ಪ್ರಗಾಥಕ್ಕೊಂದು ಪಂಕ್ತಿ. ಕಾವ್ಯದಲ್ಲೂ ಪಂಕ್ತಿಭೇದ!

ಕೊನೆಗೆ ಜನರ ಬಾಯಲ್ಲಿ ಗೆದ್ದದ್ದು ಯಾವುದು? ಹೇರುಕುದುರೆಯೇ. ಪೋರ್ಚುಗೀಸರ 'ಕವಾಲು', ಫ್ರೆಂಚರ 'ಷೆವಾಲ್' ಎರಡೂ ಕಬಲ್ಲುಸ್ಸಿನ ಮಕ್ಕಳು. ನಮ್ಮೂರ ಇಗರ್ಜಿಗಳ ಪೂಜೆಯಲ್ಲಿ 1960ರ ದಶಕದವರೆಗೂ ಲ್ಯಾಟಿನ್ ಇತ್ತು. ಅದು ದಕ್ಕೆಗೆ ಇಳಿಯಲಿಲ್ಲ. ಪೋರ್ಚುಗೀಸರ ಜೊತೆ ಬಂದ 'ಚಾವಿ', 'ಪಾದ್ರಿ' ಇಳಿದವು. ಅವುಗಳ ಬೇರೂ ಲ್ಯಾಟಿನ್ನೇ. ಮೂಟೆ ಹೊರುವವನ ಬಾಯಲ್ಲಿ ಅವು ಇಂದಿಗೂ ಬದುಕಿವೆ.

ಗೆಳೆಯರೇ, ಗುರು-ಲಘು ಕಲಿಯೋಣ, ಎಲ್ಲಿಂದಲಾದರೂ ಕಲಿಯೋಣ. ಯಾವ ಮಾತು ಒಳಗೆ, ಯಾವುದು ಹೊರಗೆ ಅನ್ನುವ ತೀರ್ಮಾನವನ್ನು ಮಾತ್ರ ಬಿಟ್ಟುಕೊಡುವುದು ಬೇಡ. ನನ್ನ ಪದ್ಯದ ಗೋಣಿ ಅಲ್ಲೇ ಇದೆ.